ಪುಟ ತಿರುಗಿಸುವವಳಿಗೆ

ನಮ್ಮ ಮನೆ, ಹಜಾರದ ಕಿಟಕಿ ಪಕ್ಕ
ಸೋಮವಾರ, ಹದಿನಾಲ್ಕನೇ ತಾರೀಖು, ತಿಂಡಿಯಾದ ಮೇಲೆ

ಪ್ರೀತಿಯ ಇವಳೇ,

ಮೊದಲಿಗೆ ಒಂದು ಮಹತ್ವದ ಪ್ರಕಟಣೆ. ನಿಂತಿದ್ದರೆ ಕೂತುಕೋ, ಕೂತಿದ್ದರೆ ಗೋಡೆಗೆ ಒರಗಿಕೋ. ಆರು ವರ್ಷಗಳಿಂದ ತಲೆಮರೆಸಿಕೊಂಡಿದ್ದ, ನಮ್ಮ ಸಂಗೀತದ ಸ್ಟ್ಯಾಂಡಿನ ಎಡಗಾಲಿನ ತಿರುಪು, ನಿನ್ನೆ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಸೋಫಾದ ಸಂದಿಯಲ್ಲಿ ಒಂದು ಪೆನ್ನಿನ ಮುಚ್ಚಳ ಹಾಗೂ ಎರಡು ಅಂಗಿ ಗುಂಡಿಗಳ ಸಮೇತ ಸೆರೆ ಸಿಕ್ಕಿದೆ. ಕಾರ್ಯಾಚರಣೆಯಲ್ಲಿ ಪ್ರಾಣಹಾನಿ ಆಗಿಲ್ಲ. ನನ್ನ ಸೊಂಟ ಮಾತ್ರ ಉಳುಕಿದೆ. ಸ್ಟ್ಯಾಂಡಿನ ಕಾಲಿಗೆ ಇನ್ನು ದಾರ ಸುತ್ತುವ ಕೆಲಸವಿಲ್ಲ. ಸಮಾರಂಭ ಮಾಡೋಣವೆಂದರೆ ಚಪ್ಪಾಳೆ ತಟ್ಟಲು ಮನೆಯಲ್ಲಿ ಇದ್ದದ್ದು ನನ್ನವೇ ಎರಡು ಕೈ.

ಅದಿರಲಿ, ನಿನ್ನ ಮಂಡಿ ಹೇಗಿದೆ? ನಿನ್ನ ತಂಗಿಯ ಮನೆ ಮೂರನೇ ಮಹಡಿ, ಲಿಫ್ಟು ಬೇರೆ ಇಲ್ಲ. ಲಿಫ್ಟು ರಿಪೇರಿ ಮಾಡುವ ಮಗನನ್ನು ಹೆತ್ತೂ ಮೆಟ್ಟಿಲು ಹತ್ತುವ ಕರ್ಮ ನಿನ್ನದು. ಕಣ್ಣಿಗೆ ಬಿಡುವ ಔಷಧಿ ಇಲ್ಲೇ ಕನ್ನಡಿ ಹಿಂದೆ ಉಳಿದಿತ್ತು, ಮೊಮ್ಮಗಳು ಗುಬ್ಬಿಯ ಕೈಯಲ್ಲಿ ಕಳಿಸಿದ್ದೇನೆ, ಬಿಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೋ. ಈ ಕಾಲದಲ್ಲಿ ಕಾಗದವೇಕೆ, ಫೋನು ಮಾಡಬಾರದೇ ಅಂತ ನೀನು ಕೇಳಬಹುದು. ಮಾಡಿದ್ದೆನಲ್ಲ. ನಿನ್ನ ಫೋನನ್ನು ನಿನ್ನ ತಂಗಿ ಎತ್ತಿ, "ಅಕ್ಕ ಹಾಡ್ತಾ ಇದ್ದಾಳೆ ಭಾವ, ಆಮೇಲೆ ಮಾಡಿ" ಅಂದಳು. ಆಮೇಲೆ ಮಾಡಿದೆ. ಆಗಲೂ ಹಾಡುತ್ತಿದ್ದೆಯಂತೆ. ಕಾಗದವಾದರೆ ನಿನ್ನ ತಂಗಿಯನ್ನು ದಾಟಿ ಒಳಗೆ ಬಂದೀತು ಅನ್ನುವ ಆಸೆ.

ಇನ್ನು ಸಮಾಚಾರ. ನೀನು ಹೋಗಿ ನಿನ್ನೆಗೆ ಒಂಬತ್ತು ಭಾನುವಾರ. ಮದುವೆಯಾದಾಗಿನಿಂದ, ನಲವತ್ತೊಂದು ವರ್ಷ, ಜ್ವರ ಬಂದರೂ ನೆಂಟರು ಬಂದರೂ ನಿಲ್ಲದ ನಮ್ಮ ಭಾನುವಾರದ ಐದು ಗಂಟೆಯ ಸಂಗೀತ ಏನಾಯಿತು ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ವಾರ ನಿನ್ನ ಜಾಗದಲ್ಲಿ ಸೊಸೆಯನ್ನು ನಿಲ್ಲಿಸಿ, ಹಾಡುತ್ತಲೇ ಪುಟವನ್ನೂ ತಿರುಗಿಸಮ್ಮ ಅಂದೆ. ಶಾಲೆಯಲ್ಲಿ ಐವತ್ತು ಮಕ್ಕಳನ್ನು ಒಂದು ಕೆಮ್ಮಿನಲ್ಲಿ ಕೂರಿಸುವ ಟೀಚರು, ಪಾಪ, ಒಂದು ಹಾಳೆಯ ಮುಂದೆ ಸೋತುಹೋದಳು. ಒಮ್ಮೆ ಸಾಲು ಮುಗಿದು ಯುಗ ಕಳೆದ ಮೇಲೆ ತಿರುಗಿಸಿದಳು, ಒಮ್ಮೆ ಮುಗಿಯುವ ಮೊದಲೇ, ಇನ್ನೊಮ್ಮೆ ಎರಡು ಹಾಳೆ ಒಟ್ಟಿಗೆ. ನನ್ನ ಪಿಟೀಲು ಒಂದು ಹಾಡಿನಲ್ಲಿದ್ದರೆ ಮಗನ ಕೊಳಲು ಮುಂದಿನ ಹಾಡಿನ ನಡುಮಧ್ಯೆ ಇತ್ತು. ಎರಡನೇ ವಾರ ಸೊಸೆಗೆ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಮೂರನೇ ವಾರ ಮಗನಿಗೆ ಎಲ್ಲೋ ಲಿಫ್ಟು ಕೆಟ್ಟಿತು. ಅಲ್ಲಿಂದಾಚೆಗೆ ಪ್ರತಿ ಭಾನುವಾರ ಸರಿಯಾಗಿ ಐದು ಗಂಟೆಗೆ ಒಂದು ಲಿಫ್ಟು ಕೆಡುತ್ತಲೇ ಇದೆ. ಅವನು ಬರುವುದು ನಿನ್ನ ಹತ್ತಿರ ಅಂತ ನನಗೆ ಗೊತ್ತು. ಲಿಫ್ಟೇ ಇಲ್ಲದ ಆ ಮನೆಯಲ್ಲಿ ಏನು ರಿಪೇರಿ ಮಾಡುತ್ತಾನೋ!

ಈಗ ನಾನೊಬ್ಬನೇ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಾಳೆಗಳನ್ನು ಕಚ್ಚಿಸಿ ಕೂರುತ್ತೇನೆ. ಪುಟದ ಕೊನೆ ಬಂದಾಗ ಕಮಾನು ಕೆಳಗಿಟ್ಟು, ಎದ್ದು, ಕ್ಲಿಪ್ಪು ಬಿಡಿಸಿ, ಹಾಳೆ ಮಗುಚಿ, ಮತ್ತೆ ಕೂತು ಕಮಾನು ಎತ್ತುವಷ್ಟರಲ್ಲಿ ರಾಗ ಆರಿ ತಣ್ಣಗಾಗಿರುತ್ತದೆ. ಮನೆಗೆ ಬಂದವರಿಗೆಲ್ಲ ನಿನ್ನೆದುರಿಗೇ ನಗುತ್ತಾ ಹೇಳುತ್ತಿದ್ದೆನಲ್ಲ, "ಪುಟ ತಿರುಗಿಸೋಕೆ ಸಂಗೀತ ಯಾಕೆ, ಎರಡು ಬೆರಳು ಸಾಕು" ಅಂತ. ಬೆರಳು ನನಗೂ ಹತ್ತು ಇವೆ. ಸಾಲು ಮುಗಿಯಲು ಇನ್ನೂ ಒಂದುಸಿರು ಇರುವಾಗಲೇ ನೀನು ಹಾಳೆಯ ತುದಿ ಹಿಡಿದಿರುತ್ತಿದ್ದೆ, ನಾನು ಓಡಿದರೆ ಬೇಗ, ನಾನು ಎಳೆದರೆ ನಿಧಾನ, ಹಾಳೆಯ ಸದ್ದೂ ಕೇಳಿಸದ ಹಾಗೆ. ನಾವು ಮೂವರೂ ಪುಸ್ತಕ ನೋಡಿಕೊಂಡು ನುಡಿಸಿದವರು, ಹಾಡಿದವರು. ಪುಸ್ತಕವಿಲ್ಲದೆ ಅಷ್ಟೂ ಗೊತ್ತಿದ್ದವಳು ನೀನೊಬ್ಬಳೇ. ಇದು ತಿಳಿಯಲು ನನಗೆ ಕ್ಲಿಪ್ಪು ಬೇಕಾಯಿತು.

ಸಂಗೀತದ ವಿಷಯದಲ್ಲಿ ನಮ್ಮ ಮನೆಯ ಗಂಡಸರ, ಅಂದರೆ ನನ್ನ, ಮನಸ್ಸು ಯಾವತ್ತೂ ಅಷ್ಟು ವಿಶಾಲವಲ್ಲ. ಬಸ್ಸು ಓಡಿಸಿ ದಣಿದು ಬಂದ ನನ್ನಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಮೌತ್ ಆರ್ಗನ್ ಊದುತ್ತಿದ್ದ. ಪಿಟೀಲು ಕಲಿಯಲು ಶುರುಮಾಡಿ ಆರು ತಿಂಗಳಾಗಿದ್ದ ನಾನು, ಹದಿನಾರರ ಪಂಡಿತ, "ಅಪ್ಪ, ಅದು ವಾದ್ಯ ಅಲ್ಲ, ಬಾಚಣಿಗೆ" ಅಂದಿದ್ದೆ. ಅಪ್ಪ ನಕ್ಕು ಅದನ್ನು ಜೇಬಿಗೆ ಹಾಕಿಕೊಂಡ. ನನ್ನೆದುರು ಮತ್ತೆ ತೆಗೆಯಲಿಲ್ಲ. ಆಮೇಲೆ ನಮ್ಮ ಮಗ ರೇಡಿಯೋದ ಸಿನಿಮಾ ಹಾಡಿಗೆ ಜೋತುಬಿದ್ದಾಗ ನಾನು ಪ್ರೆಸ್ಸಿಗೆ ಹೊರಡುವ ಮುಂಚೆ ರೇಡಿಯೋದ ತಿರುಗಿಸುವ ಗುಂಡಿಯನ್ನೇ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅವನು ಇಕ್ಕಳ ಹಾಕಿ ತಿರುಗಿಸಿ ಕೇಳಿದ. ಅವನು ಮೆಕ್ಯಾನಿಕ್ ಆದದ್ದು ಅಲ್ಲಿಂದಲೇ ಅಂತ ನೀನು ಹೇಳಿ ಹೇಳಿ ನಗುತ್ತಿದ್ದೆ. ಈಗ ಅವನ ಮಗಳು ಗುಬ್ಬಿ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಾಳೆ. ಮೊದಲ ಸಲ ಕೇಳಿಸಿದಾಗ "ವಾಷಿಂಗ್ ಮಷೀನಿಗೆ ಹೊಟ್ಟೆನೋವು ಬಂದ ಹಾಗಿದೆ" ಅಂದೆ. ಅವಳು ನಮ್ಮಪ್ಪನ ಹಾಗೆ ನಕ್ಕು ಸುಮ್ಮನಾಗುವ ಪೈಕಿಯಲ್ಲ. "ತಾತಾ, ನೀವು ಹಾಡು ಕೇಳಲ್ಲ, ತಪ್ಪು ಕೇಳ್ತೀರಿ" ಅಂದಳು. ಹದಿನೇಳು ವರ್ಷದ ಹುಡುಗಿಯ ಬಾಯಿಗೆ ಮಿತಿಯಿಲ್ಲ ಅಂತ ನಾನು ನಿನ್ನ ಹತ್ತಿರ ದೂರಿದೆ. ನೀನು ಅಕ್ಕಿ ಆರಿಸುವುದನ್ನು ನಿಲ್ಲಿಸದೆ "ಹೂಂ" ಅಂದೆ. ಯಾರಿಗೆ ಹೂಂ ಅಂದೆ ಅಂತ ಆಗ ಯೋಚಿಸಲಿಲ್ಲ.

ನಿನ್ನ ಸರದಿ ಮಗ, ಮೊಮ್ಮಗಳಿಗಿಂತ ಮೊದಲೇ ಬಂದುಹೋಗಿತ್ತು, ಅಲ್ಲವೇ? ಮದುವೆಯಾದ ಎರಡನೇ ವಾರ. ಒಳಗೆ ಬಟ್ಟೆ ಮಡಚುತ್ತಾ ಏನೋ ಹಾಡಿಕೊಳ್ಳುತ್ತಿದ್ದೆ. ನಾನು ಹಜಾರದಿಂದಲೇ "ಶ್ರುತಿ ತಪ್ಪಿತು, ಶ್ರುತಿ!" ಅಂತ ಕೂಗಿದೆ. ಅಷ್ಟೇ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡೇ ಕೂಗಿದ್ದು. ಹಾಡು ನಿಂತಿತು. ಮುಂದಿನ ಭಾನುವಾರ ನಿನ್ನನ್ನು ಸಕಲ ಗೌರವಗಳೊಂದಿಗೆ ಪುಟ ತಿರುಗಿಸುವ ಹುದ್ದೆಗೆ ನೇಮಿಸಿದೆ. ಬಡ್ತಿಯಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ.

ನೀನು ಮನೆ ಬಿಟ್ಟು ಹೊರಟ ದಿನ ನಡೆದದ್ದು ನಿನಗೆ ಗೊತ್ತೇ ಇದೆ. ಆದರೂ ನನ್ನ ಕೈಯಾರೆ ಒಮ್ಮೆ ಬರೆಯಬೇಕು. ಗುಬ್ಬಿ ಹೊಸ ಹಾಡು ಅಂತ ಫೋನನ್ನು ತಂದು ಸ್ಟ್ಯಾಂಡಿನ ಮೇಲೆ ಇಟ್ಟಳು. ಮೊದಲು ಧಡ್ ಧಡ್. ನಾನು ಮುಖ ಸಿಂಡರಿಸಲು ಸಿದ್ಧನಾಗುತ್ತಿರುವಾಗ ಆ ಸದ್ದಿನ ಅಡಿಯಿಂದ ಒಂದು ಹೆಣ್ಣು ದನಿ ಎದ್ದಿತು. ಮಾತಿಲ್ಲ, ಬರೀ ಗುನುಗು. ನಾನು ಕನ್ನಡಕ ತೆಗೆದೆ. ಇನ್ನೊಮ್ಮೆ ಹಾಕು ಅಂದೆ. ಇನ್ನೊಮ್ಮೆ ಕೇಳಿ ಎಲ್ಲರನ್ನೂ ಉದ್ದೇಶಿಸಿ ಭಾಷಣವನ್ನೇ ಮಾಡಿದೆ: "ಆ ಡಬ್ಬ ಬಡಿಯೋದನ್ನ ಮರೆತುಬಿಡಿ. ಈ ಗಂಟಲು ಕೇಳಿ. ಇಪ್ಪತ್ತು ವರ್ಷ ಒಳ್ಳೇ ಗುರುವಿನ ಹತ್ತಿರ ಕೂತು ಕಲಿತಿರೋದು. ಶ್ರುತಿ ಅಂದ್ರೆ ಇದು!" ಗುಬ್ಬಿಗೆ ನಗು ತಡೆಯಲಾಗಲಿಲ್ಲ. "ತಾತಾ, ಅದು ನಮ್ಮಜ್ಜಿ! ಪಾತ್ರೆ ತೊಳೀತಾ ಹಾಡ್ಕೊಳ್ತಿದ್ರು, ನಾನು ಹಿಂದೆ ನಿಂತು ರೆಕಾರ್ಡ್ ಮಾಡಿದೆ!" ಮಗ ನಿನ್ನ ಕಡೆ ನೋಡಿದ, ಸೊಸೆ ನಿನ್ನ ಕಡೆ ನೋಡಿದಳು. ನೀನು ನನ್ನ ಕಡೆ ನೋಡಿದೆ. ನಗು ತುಟಿಯ ಅಂಚಿಗೆ ಬಂದು ನಿಂತಿತ್ತು, ನಾನು ಏನಾದರೂ ಅಂದರೆ ಹೊರಗೆ ಬರಲು. ಸುಮ್ಮನೆ ಕೂತಿದ್ದರೂ ಸಾಕಿತ್ತು. ನಾನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, "ಹೌದಾ? ಹಾಗಾದ್ರೆ ಮೂರನೇ ಸಾಲಲ್ಲಿ ಸ್ವಲ್ಪ ಇಳಿದಿದೆ" ಅಂದೆ.

ನೀನು ಕೂಗಾಡಿದ್ದರೆ ನನಗೆ ಉತ್ತರ ಇತ್ತು. ನೀನು ಪುಸ್ತಕ ಮುಚ್ಚಿದೆ. "ಇನ್ಮೇಲೆ ಪುಟ ನೀವೇ ತಿರುಗಿಸ್ಕೊಳ್ಳಿ" ಅಂದೆ. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಕಾದು, ಒಲೆ ಆರಿಸಿ, ಮುಚ್ಚಿಟ್ಟು, ಚೀಲ ತೆಗೆದುಕೊಂಡು ಹೊರಟೆ. ಆ ಹಾಲಿನಲ್ಲೇ ನಾನು ಕಾಫಿ ಮಾಡಿಕೊಂಡು ಕುಡಿದೆ, ನಾಳೆ ಬರುತ್ತಾಳೆ ಬಿಡು ಅಂತ.

ಈಗ ಅಲ್ಲಿನ ವರದಿಗಳು ನನಗೆ ಗುಬ್ಬಿಯಿಂದ ಸಿಗುತ್ತವೆ, ಕೇಳದಿದ್ದರೂ. ನಿನ್ನ ತಂಗಿಯ ಮನೆ ಬಚ್ಚಲಿನಲ್ಲಿ ದನಿ ಚೆನ್ನಾಗಿ ತುಂಬುತ್ತದಂತೆ. ಬಕೆಟ್ಟು ಮಗುಚಿ ಹಾಕಿಕೊಂಡು ಅದರ ಮೇಲೆ ನೀನು ಕೂರುತ್ತೀಯಂತೆ, ಬಾಗಿಲಿಗೆ ಕಂಬಳಿ ಕಟ್ಟುತ್ತಾರಂತೆ, ನಿನ್ನ ತಂಗಿ ಸ್ಟೀಲ್ ಲೋಟದ ಮೇಲೆ ಚಮಚದಿಂದ ತಾಳ ಹಾಕುತ್ತಾಳಂತೆ. ಮಗ ಹೊರಗೆ ಕೂತು ಕೊಳಲು ಊದುತ್ತಾನಂತೆ, ಪುಸ್ತಕ ಇಲ್ಲದೆ! ತಪ್ಪಾದರೆ ಎಲ್ಲರೂ ನಕ್ಕು ಮತ್ತೆ ಮೊದಲಿಂದ ಶುರುಮಾಡುತ್ತೀರಂತೆ. ಕೇಳಿ ನನಗೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಲವತ್ತೊಂದು ವರ್ಷ ನಮ್ಮ ಮನೆಯಲ್ಲೂ ಒಂದು ಬಚ್ಚಲು ಇತ್ತಲ್ಲ? ಬಕೆಟ್ಟೂ ಇತ್ತು. "ಅಮ್ಮ ಅಲ್ಲಿ ಮಾತಾಡೋದೂ ಜೋರಾಗಿದೆ ಅಪ್ಪ" ಅಂದ ಮಗ. ದೂರೋ ಸಂತೋಷವೋ ಅವನ ಮುಖದಲ್ಲಿ ತಿಳಿಯಲಿಲ್ಲ. ಇಲ್ಲಿ ಇಷ್ಟು ವರ್ಷ ನೀನು ಮೆಲ್ಲಗೆ ಮಾತಾಡುತ್ತಿದ್ದೆ ಅಂತ ನನಗೆ ಹೊಳೆದದ್ದೇ ಆಗ. ಅದನ್ನು ನಿನ್ನ ಸ್ವಭಾವ ಅಂದುಕೊಂಡಿದ್ದೆ.

ನನ್ನ ಪರವಾಗಿ ಒಂದೇ ವಾದ, ಅದೂ ಸೋಲುವ ವಾದ. ಮೂವತ್ತಾರು ವರ್ಷ ಪ್ರೆಸ್ಸಿನಲ್ಲಿ ಕೆಂಪು ಪೆನ್ಸಿಲ್ ಹಿಡಿದು ಕರಡು ತಿದ್ದಿದವನು ನಾನು. ಮದುವೆ ಕರೆಯೋಲೆಯಿಂದ ವೈದ್ಯಶಾಸ್ತ್ರದವರೆಗೆ ನನ್ನ ಕೈ ದಾಟದ್ದಿಲ್ಲ. ಆದರೆ ಒಂದು ಪುಸ್ತಕದಲ್ಲಿ ಏನಿತ್ತು ಅಂತ ಕೇಳಿದರೆ ಹೇಳಲಾರೆ. ಎಲ್ಲಿ ಕೊಂಬು ಬಿಟ್ಟಿತ್ತು, ಎಲ್ಲಿ ಒತ್ತು ಜಾರಿತ್ತು, ಅಷ್ಟೇ ನೆನಪು. ತಪ್ಪಿಲ್ಲದ ಪುಟ ಬಂದರೆ ನನಗೆ ಅಲ್ಲಿ ಕೆಲಸವಿಲ್ಲ, ಅದನ್ನು ಓದದೆ ಮುಂದಕ್ಕೆ ಹೋದವನು. ಹೀಗೆ ಎಷ್ಟು ಪುಟ ದಾಟಿಸಿದೆನೋ, ಈಗ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ.

ನಿನ್ನ ತಂಗಿಗೆ ನನ್ನ ನಮಸ್ಕಾರ ಹೇಳಬೇಡ, ಅವಳು ಅದರಲ್ಲೂ ಏನಾದರೂ ಹುಡುಕುತ್ತಾಳೆ. ಕೇಳಿದೆ ಅಂತ ಮಾತ್ರ ಹೇಳು. ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ನಿನಗೆ ಒಳ್ಳೆಯದಾಗಲಿ, ಗಂಟಲು ಕೆಡದಿರಲಿ.

ಇಂತಿ,
ನಿನ್ನ "ರೀ"

ಮರೆತದ್ದು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೂರನೇ ಸಾಲು ಇಳಿದಿರಲಿಲ್ಲ. ಬಾಯಿ ತೆರೆಯುವಾಗಲೇ ನನಗೆ ಗೊತ್ತಿತ್ತು. ಆ ಹಾಡನ್ನು ನನ್ನ ಫೋನಿಗೆ ಹಾಕಿಕೊಡೇ ಅಂತ ಗುಬ್ಬಿಯನ್ನು ಮೂರು ಸಲ ಕೇಳಿದೆ, ಕೊಡುತ್ತಿಲ್ಲ. "ದನಿ ಅಜ್ಜೀದು. ಒಂದ್ಸಲ ಅಜ್ಜೀನ ಕೇಳದೆ ಯಾರ್ಯಾರಿಗೋ ಕೇಳಿಸಿ ಅವ್ರ ಮನಸ್ಸು ನೋಯಿಸಿದೀನಿ. ಅಜ್ಜಿ ಹೇಳಿದ್ರೆ ಮಾತ್ರ ಕೊಡ್ತೀನಿ" ಅನ್ನುತ್ತಾಳೆ. ಯಾರ್ಯಾರಿಗೋ ಅಂದರೆ ನನಗೆ. ನೀನು ಬರಬೇಕಾಗಿಲ್ಲ, ನನ್ನ ಜೊತೆ ಮಾತಾಡಬೇಕಾಗಿಯೂ ಇಲ್ಲ. ಭಾನುವಾರ ಅವಳು ಅಲ್ಲಿಗೆ ಬಂದಾಗ "ತಾತನಿಗೆ ಕೊಡು" ಅಂತ ಒಂದು ಮಾತು ಹೇಳಿಬಿಡು.