ಅಡುಗೆಮನೆಯಲ್ಲಿ ಸುಟ್ಟಿದ್ದಲ್ಲ

ಮಾರ್ಚ್ ೪

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು, ಗುಬ್ಬಿ ಕಾಲು. ಇರಲಿ, ಓದುವವರು ಯಾರು?

ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನು ಬೇಯಿಸುವ ಸ್ಟೀಮ್ ಮಿಷನ್. ಬಾಗಿಲಿನ ರಬ್ಬರ್ ಹರಿದು ತಿಂಗಳುಗಳೇ ಆದವು. ಬಾಗಿಲು ತೆಗೆದರೆ ಬಲಗಡೆಯಿಂದ ಹಬೆ ನುಗ್ಗುತ್ತದೆ. ಕೆಲಸ ಮಾಡುವ ನಮಗೆಲ್ಲ ಗೊತ್ತು... ಒದ್ದೆ ಟವೆಲ್ಲು ಬಲಗಡೆಗೆ ಒತ್ತಬೇಕು, ಎಡಕ್ಕೆ ನಿಂತು ತೆಗೆಯಬೇಕು. ಇವತ್ತು ಟವೆಲ್ಲು ಜಾರಿತು. ಬಲಗೈ ಮೊಣಕೈವರೆಗೆ ಬೊಬ್ಬೆ.

ಇನ್‌ಚಾರ್ಜ್ ಓಡಿಬಂದ. ನಾವಿಟ್ಟ ಹೆಸರು ನಗುಮುಖ. ಹೆಣ ಬಿದ್ದರೂ ಹಲ್ಲು ಬಿಡುವ ಜಾತಿ. "ಇಲ್ಲಿ ಆಯ್ತು ಅಂತ ರಿಪೋರ್ಟ್ ಬರೆದ್ರೆ ನೂರೆಂಟು ಪ್ರಶ್ನೆ ಬರುತ್ತಮ್ಮ. ಇನ್‌ಸ್ಪೆಕ್ಷನ್ ಬೇರೆ ಹತ್ತಿರ ಬಂತು. ಮನೇಲಿ, ಅಡುಗೆ ಮಾಡುವಾಗ ಅಂತ ಹಾಕೋಣ. ರಜೆ ನಾನು ಕೊಡಿಸ್ತೀನಿ."

ಆ ಉರಿಯಲ್ಲಿ ಏನು ತೋಚುತ್ತದೆ? ತಲೆಯಾಡಿಸಿದೆ. ಡ್ರೆಸ್ಸಿಂಗ್ ಚೀಟಿಯಲ್ಲೂ ಹಾಗೇ ಬರೆಸಿದ. ಹೊರಡುವಾಗ ಎಲ್ಲರೆದುರು — "ಮನೇಲಿ ಸ್ವಲ್ಪ ಹುಷಾರಾಗಿರಬೇಕಮ್ಮ." ನಕ್ಕ. ಉಳಿದವರೂ ನಕ್ಕರು.

ಮಾರ್ಚ್ ೬

ಅಕ್ಕ ನೋಡಲು ಬಂದಳು. ಮೇಜಿನ ಮೇಲಿದ್ದ ಚೀಟಿ ಓದಿದಳು. ಅತ್ತೆಯ ಕಡೆ ಒಂದು ಸುಡುವ ನೋಟ ಬಿಟ್ಟಳು. ಕೋಣೆಗೆ ಎಳೆದುಕೊಂಡು ಹೋದಳು.

"ನಿಜ ಹೇಳು. ನಿಮ್ಮತ್ತೆ ಏನಾದ್ರೂ..."

"ಅಯ್ಯೋ, ಆಸ್ಪತ್ರೆಲಿ ಆಗಿದ್ದು ಕಣೇ!"

"ಮತ್ತೆ ಚೀಟಿಲಿ ಹೀಗ್ಯಾಕಿದೆ? ಹೆದರಬೇಡ, ನಾವಿದ್ದೀವಿ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಅಕ್ಕನಿಗೆಂದು ತಂದ ಕಾಫಿ. ಅಲ್ಲೇ ಇಟ್ಟು ಹೋದರು.

ಅಕ್ಕ ಹೋದಮೇಲೆ ಶುರುವಾಯಿತು. "ಮದುವೆಯಾಗಿ ಬಂದಾಗಿಂದ ನಿನ್ನನ್ನ ಒಲೆ ಮುಂದೆ ನಿಲ್ಲಿಸಿದ್ದೀನಾ? ಹಾಲು ಉಕ್ಕಿದ್ರೂ ನಾನೇ ಓಡಿಬರ್ತೀನಿ. ನನ್ನ ಅಡುಗೆಮನೇಲಿ ಸುಟ್ಟಿತಾ?" ಬಿಸಿ ಪಾತ್ರೆ ಹಿಡಿಯುವ ತಮ್ಮ ಕೆಂಪು ಟವೆಲ್ಲಿನಲ್ಲೇ ಕಣ್ಣೊರೆಸಿಕೊಂಡರು. ಅದನ್ನು ನನಗೆ ಮುಟ್ಟಲೂ ಬಿಟ್ಟವರಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದರು.

ಮಾರ್ಚ್ ೭

ಅಮ್ಮನ ಫೋನು. ಅತ್ತಿಗೆಯ ಫೋನು. ಚಿಕ್ಕಮ್ಮನದೂ. ಎದುರುಮನೆಯಾಕೆ ಅತ್ತೆಯನ್ನು ಕಂಡು ಗೇಟು ಹಾಕಿಕೊಂಡಳಂತೆ. ಅತ್ತೆ ಊಟ ಬಿಟ್ಟಿದ್ದಾರೆ. ನನ್ನ ಗಂಡ ತಮ್ಮ ಅಮ್ಮನ ಕಡೆಯೂ ನೋಡಲಾರರು, ನನ್ನ ಕಡೆಯೂ ನೋಡಲಾರರು.

ನಗುಮುಖನ ಹಲ್ಲು ಉದುರಲಿ. ಇದೇ ಉರಿ ಅವನಿಗೂ ಗೊತ್ತಾಗಲಿ. ಬರೆದಿದ್ದೇನೆ. ಅಳಿಸುವುದಿಲ್ಲ.

ಮಾರ್ಚ್ ೧೯

ಕೆಲಸಕ್ಕೆ ಹೋದೆ. ಅದೇ ಮಿಷನ್, ಅದೇ ಹರಿದ ರಬ್ಬರ್. "ಸಾರ್, ನನ್ನ ರಿಪೋರ್ಟ್ ತಿದ್ದಿಸಿ. ಮನೇಲಿ ದೊಡ್ಡ ರಂಪ ಆಗಿದೆ" ಎಂದೆ.

"ಆಗಿದ್ದು ಆಗೋಯ್ತಲ್ಲಮ್ಮ. ಅತ್ತೆ ಸೊಸೆ ಜಗಳಕ್ಕೆಲ್ಲ ಆಸ್ಪತ್ರೆ ಏನ್ ಮಾಡುತ್ತೆ?" ಹಲ್ಲು. ಮೂವತ್ತೆರಡೂ.

ಮಾರ್ಚ್ ೨೪, ಸಂಜೆ

ಸಂತೋಷ!

ನಾಳೆ ಇನ್‌ಸ್ಪೆಕ್ಷನ್. ಇವತ್ತು ರಿಹರ್ಸಲ್. ನಾನು ಟವೆಲ್ಲು ಒದ್ದೆ ಮಾಡುತ್ತಿದ್ದೆ. ನಗುಮುಖ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದ. "ಇದನ್ನ ನೋಡಿದ್ರೆ ಮಿಷನ್ ಕೆಟ್ಟಿದೆ ಅಂತ ಅವರಿಗೆ ಗೊತ್ತಾಗಲ್ವಾ? ಹೀಗೆ ತೆಗೀಬೇಕು ನೋಡಿ... ನಗ್ತಾ."

ಬಲಕ್ಕೆ ನಿಂತ. ನೋಡಿದೆ. ಎಡಕ್ಕೆ ಬನ್ನಿ ಸಾರ್ ಎನ್ನಲು ಒಂದು ಉಸಿರು ಸಾಕಿತ್ತು. ಎನ್ನಲಿಲ್ಲ.

ಹಬೆ ಬುಸ್ಸೆಂದಿತು. ಕಿರುಚಿದ. ಮೊದಲ ಸಲ ಅವನ ಬಾಯಿ ಬೇರೆ ಆಕಾರದಲ್ಲಿ ಕಂಡಿತು. ತಣ್ಣೀರಿಗೆ ಕೈ ಹಿಡಿಸಿದವಳು ನಾನೇ, ಅದನ್ನೂ ಬರೆದಿಡುತ್ತೇನೆ.

ದೊಡ್ಡ ಮೇಡಂ ಬಂದರು, ಇಡೀ ಆಸ್ಪತ್ರೆಯ ಯಜಮಾನಿ. "ನಾಳೆ ಇನ್‌ಸ್ಪೆಕ್ಷನ್ ಇಟ್ಕೊಂಡು ಇದೇನ್ರೀ? ಮನೇಲಿ ಸುಟ್ಟಿದ್ದು ಅಂತ ಬರೀರಿ." ಅವನು ನನ್ನ ಕಡೆ ನೋಡಿದ. ಪಕ್ಕದಲ್ಲಿದ್ದವಳು ನಾನು, ಸಾಕ್ಷಿಗೆ ನನ್ನದೇ ಸಹಿ ಬೇಕು. "ನೀನಾದ್ರೂ ನಿಜ ಹೇಳಮ್ಮ," ಎಂದ ಮೆಲ್ಲಗೆ.

ಸಹಿ ಹಾಕಿದೆ. "ಮನೇಲಿ ಸ್ವಲ್ಪ ಹುಷಾರಾಗಿರಬೇಕು ಸಾರ್."

ಹೊಟ್ಟೆ ತಣ್ಣಗಾಯಿತು. ಬಾಗಿಲ ಹತ್ತಿರ ಮೇಡಂ ತಿರುಗಿ ನನಗೆ ಹೇಳಿದರು — "ನಾಳೆ ಅವರ ಮುಂದೆ ನೀನೇ ತೆಗಿ. ಟವೆಲ್ಲು ಗಿವೆಲ್ಲು ಬೇಡ."

ಅದೇ ದಿನ, ಊಟವಾದಮೇಲೆ

ಅತ್ತೆಗೆ ಎಲ್ಲ ಹೇಳಿದೆ. ಕುಣಿಯುತ್ತಾರೆ ಅಂದುಕೊಂಡಿದ್ದೆ. ತಟ್ಟೆ ಪಕ್ಕಕ್ಕೆ ಸರಿಸಿದರು.

"ಅವನಿಗೆ ಹೆಂಡ್ತಿ ಇದ್ದಾಳಾ?"

"ಇದ್ದಾರೆ. ತಾಯೀನೂ ಇದ್ದಾರೆ."

"ಹಾಗಾದ್ರೆ ಇನ್ನೊಂದು ಅಡುಗೆಮನೆ ಹೆಸರು ಕೆಡ್ತು. ಮಿಷನ್ ಹಾಗೇ ಇದೆ. ನಾಳೆ ಮತ್ತೆ ನಿನ್ನ ಕೈ. ಗೆದ್ದಿದ್ದು ಯಾರೇ?"

ಸಿಟ್ಟು ಬಂತು. ನನ್ನ ಮೇಲೇ ಬಂತು. ಕೇಳಬೇಕಾದವರನ್ನು ಬಿಟ್ಟು ಅವನ ಕೈ ಸುಡಿಸಿ ಕುಣಿದೆನಲ್ಲ. ಅವನಿಗಿಂತ ದೊಡ್ಡವರು, ಮೇಡಂ, ಆರಾಮಾಗಿ ಎ.ಸಿ. ಕೋಣೆಯಲ್ಲಿದ್ದಾರೆ.

ಮಾರ್ಚ್ ೨೫, ಬೆಳಿಗ್ಗೆ

ಬಸ್ಸಿಗೆ ಹೊತ್ತಾಯಿತು. ಬೇಗ ಬರೆಯುತ್ತೇನೆ.

ಅತ್ತೆ ನನ್ನ ಚೀಲಕ್ಕೆ ಏನೋ ತುರುಕಿದರು. ನೋಡಿದರೆ ಅವರ ಕೆಂಪು ಟವೆಲ್ಲು. ಒಗೆದು, ಮಡಿಸಿ.

"ದೂರಕ್ಕೂ ಕಾಣುತ್ತೆ," ಎಂದರು. "ಇನ್‌ಸ್ಪೆಕ್ಷನ್‌ನೋರಿಗೆ ಕಣ್ಣಿದೆ ತಾನೆ?"

ಮಿಷನ್ ಬಾಗಿಲಿಗೆ ಒತ್ತುತ್ತೇನೆ. ಎಲ್ಲರೂ ಸಾಲಾಗಿ ನಿಂತಮೇಲೆ, ಮೇಡಂ ಎದುರಿಗೇ, ನಿಧಾನವಾಗಿ ಒದ್ದೆ ಮಾಡಿ. ಇದೇನಮ್ಮ, ಯಾಕಮ್ಮ ಅಂತ ಒಬ್ಬರು ಕೇಳಿದರೆ ಸಾಕು. ಬಲಗೈ ರವಿಕೆ ತೋಳು ಮಡಚಿ ಕಲೆ ತೋರಿಸುತ್ತೇನೆ. ನಗುಮುಖನ ಬ್ಯಾಂಡೇಜೂ ತೋರಿಸುತ್ತೇನೆ. ಸುಳ್ಳಿಗೆ ಹಾಕಿದ ನನ್ನ ಸಹಿಯನ್ನೂ. ಆಮೇಲೆ ಮೇಡಂ ಕಡೆ ತಿರುಗಿ — ನಗುತ್ತಾ — "ಆಸ್ಪತ್ರೆಲಿ ಸ್ವಲ್ಪ ಹುಷಾರಾಗಿರಬೇಕು ಮೇಡಂ."