ಹಂಪಮ್ಮನ ಹೊಲಕ್ಕೆ ಒಗ್ಗದ ಸಿಹಿನೀರು

ಮಸ್ಕಿ ಸೀಮೆ, ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಕಾರಹುಣ್ಣಿಮೆಯ ಮರುದಿನ.

ನಮಗಿಂತ ಮೊದಲು ಈ ನೆಲದ ನೀರು ಕುಡಿದವರಿಗೆ,

ಈ ತಾರೀಖು ನಿಮಗೆ ನಂಬಲಾಗದ್ದೆಂದು ಬಲ್ಲೆ. ನನ್ನ ಕೆಲವು ಮಾತುಗಳೂ ಹೊಸತೆನಿಸಬಹುದು, ಮನ್ನಿಸಿ. ನಾನು ಈ ಸೀಮೆಯ ಒರೆಗಾರ್ತಿ. ಚಿನ್ನವನ್ನು ಒರೆಗೆ ಹಚ್ಚುವಂತೆ, ಹೊಲಕ್ಕೆ ಬಿಡುವ ಮೊದಲು ನೆಲದೊಳಗಿನ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಅದರಲ್ಲಿ ಉಪ್ಪೆಷ್ಟು, ಸೋಡಿಯಂ ಎಷ್ಟು ಎಂದು ನೋಡಿ, ಆ ಹೊಲಕ್ಕೆ ಒಗ್ಗುವುದಾದರೆ ‘ಮಣ್ಣೊಪ್ಪಿಗೆ’ ಕೊಡುತ್ತೇನೆ. ಅದಿಲ್ಲದೆ ಯಾವ ಕೊಳವೆಬಾವಿಯನ್ನೂ ಊರಿನ ಕಾಲುವೆಗೆ ಜೋಡಿಸುವಂತಿಲ್ಲ. ಇಲ್ಲಿ ಹೆಣ್ಣು ನೋಡಲು ಬಂದ ಬೀಗರೂ ಮೊದಲು ಕೇಳುವುದು ಬಾವಿಯ ಒರೆ ಹೇಗಿದೆ ಎಂದೇ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಂಪಮ್ಮ ಎಂಬವಳ ಮೆಣಸಿನಕಾಯಿ ಹೊಲದಲ್ಲಿ ಕೊರೆದ ಕೊಳವೆಬಾವಿಗೆ ಧಾರಾಳ ನೀರು ಬಿತ್ತು. ತಿಳಿಯಾದ ಸಿಹಿನೀರು. ಊರವರು ಕೊಡ ತಂದು ತುಂಬಿಕೊಂಡರು. ನನ್ನ ಪರೀಕ್ಷೆಯಲ್ಲಿ ಮಾತ್ರ ಸೋಡಿಯಂ ಮಿತಿ ಮೀರಿತ್ತು. ಆ ನೀರು ಬಿಟ್ಟರೆ ಎರೆಮಣ್ಣು ಗಟ್ಟಿಯಾಗಿ, ಏನೂ ಬೆಳೆಯದ ಸವಳಾಗುವುದು ಖಚಿತವಾಗಿತ್ತು. ಒಪ್ಪಿಗೆ ಕೊಡಲಿಲ್ಲ.

ಅವಳ ಮೈದುನ ಅಮರೇಗೌಡ ಜನ ಕಟ್ಟಿಕೊಂಡು ಬಂದ. “ಕುಡಿಯಾಕ ಸಿಹಿ ಅದ, ಬೆಳಿಗಿ ಹ್ಯಾಂಗ ವಿಷ ಆಗ್ತದರೀ? ಇವತ್ತ ಕಾಲುವೀಗೆ ಜೋಡಸ್ತೀವಿ,” ಎಂದ.

ಹಂಪಮ್ಮ ನಡುವೆ ಬಂದು ನಿಂತಳು. “ಸುಮ್ನಿರಪಾ. ಮೊದ್ಲ ನನ್ನ ಹೊಲಕ್ಕಷ್ಟ ಬಿಡೂಣು. ಕೆಟ್ರ ನಂದೊಂದು ಕೆಡ್ಲಿ, ಊರಿಂದ್ಯಾಕ ಕೆಡಬೇಕು?”

ಏನಾಗಬಹುದೆಂದು ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು, ಮಾತು ಬದಲಿಸಲಿಲ್ಲ. ಸ್ವಂತ ಹೊಲಕ್ಕೆ ಬಿಟ್ಟುಕೊಳ್ಳುವುದನ್ನು ತಡೆಯುವ ಅಧಿಕಾರ ನನಗಿರಲಿಲ್ಲ.

ಮೊದಲ ವರ್ಷ ಬೆಳೆ ಕೆಂಪಗೆ ತೂಗಿತು. ಜನ ನನ್ನನ್ನು ಕಂಡು ನಕ್ಕರು. ಮರುವರ್ಷ ಬಿಟ್ಟ ನೀರು ಇಂಗದೆ ನಿಂತಿತು, ಗಿಡಗಳು ಬುಡದಲ್ಲೇ ಕೊಳೆತವು. ಒಣಗಿದ ಮೇಲೆ ಅಮರೇಗೌಡ ಗುದ್ದಲಿ ಹಾಕಿ ನೋಡಿದ. ಕಲ್ಲಿಗೆ ಹೊಡೆದಂತೆ ಠಣ್ ಎಂದಿತು. ಹೋಗಿ ಬಾವಿಯಿಂದ ಹೊಲಕ್ಕೆ ಎಳೆದಿದ್ದ ಪೈಪನ್ನು ತಾನೇ ಬಿಚ್ಚಿದ.

ಊರವರು ಸೇರಿ ಮಣ್ಣಿನ ಸೋಡಿಯಂ ಬಿಡಿಸಲು ಜಿಪ್ಸಂ ಹರವಿದರು, ಬದು ಕಟ್ಟಿ ಮಳೆನೀರು ನಿಲ್ಲಿಸಿ ಮಣ್ಣನ್ನು ತೊಳೆದರು. ಹೊಲ ಮತ್ತೆ ಬೆಳೆ ಕೊಡುವತನಕ ಮನೆಗಿಷ್ಟು ಕಾಳು ಹಂಪಮ್ಮನಿಗೆ ಕೊಟ್ಟರು. ಅದಕ್ಕೆ ಬಹಳ ವರ್ಷ ಹಿಡಿಯಿತು. ಹೋದ ಹಿಂಗಾರಿನಲ್ಲಿ ಅವಳು ರೊಟ್ಟಿ ಕಟ್ಟಿಕೊಂಡು ನನ್ನಲ್ಲಿಗೆ ಬಂದಳು. ತಲೆಯೆಲ್ಲ ಬೆಳ್ಳಗಾಗಿತ್ತು. “ಮೆಣಸಿನಕಾಯಿಗೆ ಮಣ್ಣು ಇನ್ನೂ ಒಲ್ಲೆ ಅಂತದವ್ವಾ. ಜ್ವಾಳಕ್ಕ ಹೂಂ ಅಂದದ,” ಎಂದಳು.

ಇದಕ್ಕೆ ಯಾರನ್ನೂ ದೂರುತ್ತಿಲ್ಲ. ನಿಮ್ಮಲ್ಲಿ ಕೇಳುವುದಿಷ್ಟೇ: ಹೊಲಕ್ಕೆ ಬಿಡುವ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ನಾಲಿಗೆಯನ್ನು ನಂಬಬೇಡಿ. ನಿಮ್ಮ ಈ ವರ್ಷದ ಮಳೆಯನ್ನೂ ಹಳ್ಳಕ್ಕೆ ಹರಿದುಹೋಗಲು ಬಿಡದೆ ನೆಲಕ್ಕೆ ಇಂಗಿಸಿ. ಅದು ಆಳಕ್ಕಿಳಿಯುವುದು ನಿಧಾನ. ನಮ್ಮ ಕಾಲದಲ್ಲಿ ನಾವು ಎತ್ತುವ ಹೊತ್ತಿಗೆ ಬಾವಿಗೆ ಬಂದಿರುತ್ತದೆ.

ಇಂತಿ,
ರುದ್ರಾಂಬೆ, ಒರೆಗಾರ್ತಿ