ಬಾಣಂತಿ ಬೆಳ್ಳುಳ್ಳಿ

ಶೈಲಕ್ಕಾ,

ಈ ಪತ್ರ ಬರೆಯಲು ಹೇಳಿದವಳು ಅಮ್ಮ. "ಕನ್ನಡ ಎಂ.ಎ. ಓದಿದಾಕಿ ನೀನು, ನಾಕು ಮಾತು ನೆಟ್ಟಗ ಬರಿ. ಅತ್ತಿ ಕಾಲು ಹಿಡಿ ಅಂತ ಹೇಳು ಆಕಿಗೆ. ಒಂದಿನ ಬಗ್ಗಿದ್ರ ಏನು ಸವೀತೈತಿ?" ಎಂದಳು. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲವೆಂದು ನಿನಗೆ ಗೊತ್ತು. ಬರೆಯಲು ಕೂತಿದ್ದೇನೆ. ಆದರೆ ಅವಳು ಹೇಳಿದ್ದನ್ನು ಬರೆಯಲಾರೆ.

ಹೋದ ದೀಪಾವಳಿ ಕಳೆದ ಮೇಲೆ ನಿನ್ನ ಸೀಮಂತದ ಕುಬಸಕ್ಕೆ ಅಮ್ಮ ಕೊಟ್ಟೂರಿನಿಂದ ಬೀಜದ ಬೆಳ್ಳುಳ್ಳಿ ತಂದಿದ್ದಳು. ಬಸುರಿ ತನ್ನ ಬಾಣಂತನದ ಬೆಳ್ಳುಳ್ಳಿಯನ್ನು ತಾನೇ ಊರಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಚಿಗಟೇರಿಯ ನಿಮ್ಮ ಹಿತ್ತಿಲಲ್ಲಿ ನೀನು ಮಣ್ಣು ಸಡಿಲಿಸಿ ಎರಡು ಮಡಿ ಮಾಡಿ, ದಪ್ಪ ಎಸಳುಗಳನ್ನೇ ಆರಿಸಿ, ತುದಿ ಮೇಲೆ ಮಾಡಿ ಊರಿದೆ. ಬಗ್ಗಲಾಗದೆ ಕೂತಲ್ಲೇ ಜರುಗುತ್ತಿದ್ದ ನಿನ್ನನ್ನು ನೋಡಿ ನಿನ್ನ ಅತ್ತೆ ಕೊಟ್ರಬಸಮ್ಮ, "ಏನವಾ, ಬೆಳ್ಳುಳ್ಳಿ ಹಡಿಯಾಕ ಕುಂತಂಗ ಕುಂತೀಯಲ್ಲ!" ಎಂದಾಗ ನೀನೂ ನಕ್ಕಿದ್ದೆ.

ಶಿವರಾತ್ರಿಯ ಹೊತ್ತಿಗೆ, ಹೆರಿಗೆಗೆಂದು ತವರಿಗೆ ಕರೆತರುವ ಮೊದಲೇ, ಎಂಟನೇ ತಿಂಗಳಲ್ಲಿ ನಿನಗೆ ನೋವು ಬಂತು. ಹುಟ್ಟಿದ ಕೂಸು ಅಳಲಿಲ್ಲ. ನಿನಗೆ ಜೊತೆಗಿರಲೆಂದು ನನ್ನನ್ನು ಕಳಿಸಿದರು. ಅದೇ ವಾರ ನಿನ್ನ ಮೈದುನನ ಹೆಂಡತಿ ಗಂಗಾಂಬಿಕಾ ಅದೇ ಮನೆಯಲ್ಲಿ ಗಂಡು ಹಡೆದಳು.

ಬೆಳ್ಳುಳ್ಳಿಯ ಎಲೆ ಹಳದಿಯಾಗಿ ಬಾಗಿತ್ತು. "ನಿನಗ ಇನ್ನೆಲ್ಲಿ ಬಾಣಂತನ? ಕಿತ್ತು ಸುಲಿದು ಕೊಡು, ಗಂಗಾಗ ಹಾಲಿಳೀಲಿ. ಬಾಗಲಿಗೆ ಮಾತ್ರ ಬರಬ್ಯಾಡ, ನಿನ್ನ ನೆಳ್ಳು ಬಾಣಂತಿ ಮ್ಯಾಲೆ ಬೀಳಬಾರದು" ಎಂದರು ಅತ್ತೆ. ನಿನ್ನ ಎದೆಯ ಹಾಲು ಬತ್ತಲೆಂದು ನಿನ್ನ ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ನೀನು ಹಿತ್ತಿಲ ಕಟ್ಟೆಯ ಮೇಲೆ ಕೂತು ಸುಲಿಯುತ್ತಿದ್ದೆ. ಒಳಗೆ ಕೂಸು ಅತ್ತಾಗಲೆಲ್ಲ ನಿನ್ನ ಕುಪ್ಪಸ ಒದ್ದೆಯಾಗುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಸಿಪ್ಪೆ ಗುಡಿಸುತ್ತಿದ್ದೆ. ಕೂಸಿಗೆ ಹೊಗೆ ಹಾಕಲು ಆ ಸಿಪ್ಪೆಯನ್ನೂ ಒಳಗೆ ಒಯ್ದರು.

ಗಂಗಾಂಬಿಕಾ ಎಷ್ಟು ತಿಂದರೂ ಹಾಲಿಳಿಯಲಿಲ್ಲ. ಒಂದು ಸಂಜೆ ಕೊಟ್ರಬಸಮ್ಮ ಅಳುವ ಕೂಸನ್ನು ಎತ್ತಿಕೊಂಡು ಹಿತ್ತಿಲಿಗೇ ಬಂದರು. ಅದರ ಮುಖಕ್ಕೆ ಸೆರಗು ಮುಚ್ಚಿದ್ದರು.

"ತಗೋ, ಕುಡಿಸು. ಕಣ್ಣು ಮುಚ್ಕೊ. ಮುಖ ನೋಡಬ್ಯಾಡ."

ನಿನ್ನ ಗಂಡ ಅಮರೇಶ್ ಬಾಗಿಲಲ್ಲಿ ನಿಂತು ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ನೀನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಸಳನ್ನು ಸುಲಿದು ಮುಗಿಸಿ ಬುಟ್ಟಿಯನ್ನು ಮುಂದೆ ತಳ್ಳಿದೆ.

"ಬೆಳ್ಳುಳ್ಳಿ ತಿನ್ನಸ್ರಿ ಅತ್ತಿ. ಬರ್ತೈತಿ."

ಕೂಸು ಕಿರುಚುತ್ತಿತ್ತು. ನಿನ್ನ ಹಾಲು ತೊಟ್ಟಿಕ್ಕಿ ಸಿಪ್ಪೆಯ ಮೇಲೆ ಬೀಳುತ್ತಿತ್ತು. ನೀನು ಇನ್ನೊಂದು ಗಡ್ಡೆ ಒಡೆದೆ. ಹರಪನಹಳ್ಳಿಯಿಂದ ಹಾಲಿನ ಪುಡಿಯ ಡಬ್ಬಿ ಬರುವವರೆಗೂ ಅದು ಅಳುತ್ತಲೇ ಇತ್ತು. ಅಕ್ಕಾ, ಆಗ ನಿನ್ನನ್ನು ಕಂಡು ನನಗೆ ಹೆದರಿಕೆಯಾಯಿತು. ಖುಷಿಯೂ ಆಯಿತು. ಯಾವುದು ಹೆಚ್ಚೆಂದು ಈಗಲೂ ತಿಳಿದಿಲ್ಲ.

ಅಂದಿನಿಂದ ಆ ಮನೆಯಲ್ಲಿ ನಿನ್ನ ತಟ್ಟೆ ಬೇರೆ, ನಿನ್ನೊಡನೆ ಯಾರ ಮಾತೂ ಇಲ್ಲ. ಕಾಲು ಹಿಡಿದರೆ ಮಾತ್ರ ಸೊಸೆ ಎಂದು ಹೇಳಿ ಕಳಿಸಿದ್ದಾರೆ. ಹಿಡಿಯಬೇಡ. ಇಲ್ಲಿ ತವರಲ್ಲಿ ನನ್ನ ಕೋಣೆಯಲ್ಲಿ ಇಬ್ಬರಿಗೆ ಜಾಗವಿದೆ, ಬಂದುಬಿಡು.

ಅಮ್ಮ ನನ್ನನ್ನು ಪೂರ್ತಿ ನಂಬಿಲ್ಲ. ಈ ಸೋಮವಾರ ತಾನೇ ಅಲ್ಲಿಗೆ ಬರುತ್ತಾಳೆ, ನಿನ್ನ ಪರವಾಗಿ ಅವರ ಕಾಲಿಗೆ ಬೀಳಲು. ನಿನ್ನ ಅತ್ತೆಗೆ ಕೊಡಲೆಂದು ಒಲೆಯ ಮೇಲೆ ಹೊಗೆಯಲ್ಲಿ ಕಟ್ಟಿದ್ದ ಬೀಜದ ಬೆಳ್ಳುಳ್ಳಿಯ ಗೊಂಚಲನ್ನೇ ಇಳಿಸಿದ್ದಾಳೆ. ಮೊನ್ನೆ ಅವಳು ಗುಡಿಗೆ ಹೋದಾಗ ನಾನು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮಾಳಿಗೆಯ ಮೇಲೆ ಒಣಗಿಸಿ, ಮೊದಲಿದ್ದ ಹಾಗೇ ಕಟ್ಟಿಟ್ಟೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಮೊಳಕೆ ಮಾತ್ರ ಬರುವುದಿಲ್ಲ.

ನಿನಗೆ ಊರಲು ಹೇಳಿದರೆ ಸೊಂಟ ನೋಯುತ್ತದೆ ಎನ್ನು. ಅವರೇ ಮಡಿ ಮಾಡಲಿ. ತುದಿ ಮೇಲೆ ಮಾಡಿ ಅವರೇ ಊರಲಿ, ನೀರು ಬಿಡಲಿ. ದಿನಾ ಬೆಳಿಗ್ಗೆ ಎದ್ದು ಬಗ್ಗಿ ನೋಡಲಿ. ಒಳಗೆ ಜೀವ ಇದೆ, ಇನ್ನೇನು ಬರುತ್ತದೆ ಎಂದು ಕಾಯಲಿ.

ಆ ಕೂಸಿಗೆ ಆಯುಷ್ಯವಿರಲಿ, ಅದರದೇನೂ ತಪ್ಪಿಲ್ಲ. ನಿನ್ನ ಉಗುರು ಸಂದಿಯ ಉರಿ ಬೇಗ ಆರಲಿ.

ನಿನ್ನ ತಂಗಿ,
ಕೀರ್ತನಾ